ಚಳಿಗಾಲದ ಬ್ಯಾಸ್: ಯಾವ ನೀರಿಗೆ ಹೋಗಬೇಕು, ಯಾವ ಎರೆ ಕಟ್ಟಬೇಕು?

ನನ್ನ ಗಾಳದ ಚೀಲದಲ್ಲಿರುವ ಸಾಮಾನುಗಳಲ್ಲೆಲ್ಲ ಅಗ್ಗದ್ದು ಒಂದು ತಾಪಮಾಪಕ. ಅದನ್ನು ಆರಡಿ ದಾರದ ತುದಿಗೆ ಕಟ್ಟಿಟ್ಟುಕೊಂಡಿದ್ದೇನೆ. ನವೆಂಬರಿನಿಂದ ಮಾರ್ಚ್‌ವರೆಗೆ ಯಾವ ಕೆರೆಗೆ ಹೋದರೂ ಮೊದಲು ನೀರಿಗಿಳಿಯುವುದು ಅದು, ಗಾಳ ಆಮೇಲೆ. ಭದ್ರಾ ನಾಲೆಯ ಏರಿಯ ಮೇಲೆ ಬಿದಿರು ಕೋಲು ಹಿಡಿದು ಬೆಳೆದವನು ನಾನು. ಚಳಿಗೆ ಮೀನು ಬಾಯಿ ಕಟ್ಟಿಕೊಂಡು ಕೂರುವುದನ್ನು ಊರಿನಲ್ಲಿ ಕಂಡಿರಲಿಲ್ಲ. ಟೆಕ್ಸಸ್‌ನ ಆಸ್ಟಿನ್‌ಗೆ ಬಂದ ಮೊದಲ ಎರಡು ಚಳಿಗಾಲ, ಇಲ್ಲಿನ ಸಿಹಿನೀರಿನ ಬೇಟೆಮೀನಾದ ಬ್ಯಾಸ್‌ಗಾಗಿ ಬೇಸಿಗೆಯ ಜಾಗಕ್ಕೇ ಹೋಗಿ, ಬೇಸಿಗೆಯ ಎರೆಯನ್ನೇ ಬೇಸಿಗೆಯ ವೇಗದಲ್ಲೇ ಎಳೆದು, ಬರಿಗೈಯಲ್ಲಿ ಮನೆಗೆ ಬಂದೆ.

ಈಗ ಪ್ರತಿ ಡಿಸೆಂಬರಿನಲ್ಲೂ ಟೆಕ್ಸಸ್‌ನ ಬೇರೆ ಬೇರೆ ಊರುಗಳಲ್ಲಿರುವ ಕನ್ನಡಿಗರಿಂದ ಅದೇ ಪ್ರಶ್ನೆ ಬರುತ್ತದೆ. ಮನೆ ಹಿಂದಿನ ಬಡಾವಣೆಯ ಕೊಳವೇ ಸಾಕೇ? ಕಯಾಕ್ ಎಂಬ ಹುಟ್ಟುಗೋಲಿನ ಸಣ್ಣ ದೋಣಿ ಬಾಡಿಗೆಗೆ ಹಿಡಿದು ಚಿಲುಮೆಯ ನೀರಿಗೆ ಹೋಗಬೇಕೇ? ವಿದ್ಯುತ್ ಸ್ಥಾವರದ ಬೆಚ್ಚನೆಯ ಕೆರೆಗೆ ಕಾರು ಓಡಿಸಬೇಕೇ? ಅಥವಾ ದುಡ್ಡು ಕೂಡಿಟ್ಟು ಗೈಡ್ ಜೊತೆ ದೊಡ್ಡ ಮೀನಿಗೆ ಹೆಸರಾದ ಲೇಕ್ ಫೋರ್ಕ್ ಕೆರೆಗೇ ಹೋಗಿಬಿಡಬೇಕೇ? ಎಲ್ಲರೂ ಮೊದಲು ಕೇಳುವುದು ಎರೆಯ, ಎಂದರೆ ಅಂಗಡಿಯಲ್ಲಿ ಸಿಗುವ ಕೃತಕ ಎರೆಯ ಬಗ್ಗೆ. ಚಳಿಗಾಲದಲ್ಲಿ ಮೊದಲು ಆರಿಸಬೇಕಾದದ್ದು ನೀರನ್ನು. ಸರಿಯಾದ ನೀರಿನಲ್ಲಿ ಸಾಧಾರಣ ಎರೆಯೂ ಕೆಲಸ ಮಾಡುತ್ತದೆ, ತಪ್ಪು ನೀರಿನಲ್ಲಿ ಇಪ್ಪತ್ತೈದು ಡಾಲರಿನ ಎರೆಯೂ ಸುಮ್ಮನೆ ಒದ್ದೆಯಾಗಿ ಬರುತ್ತದೆ.

ಬ್ಯಾಸ್ ಶೀತರಕ್ತದ ಪ್ರಾಣಿ. ನೀರಿನ ಬಿಸಿಯೇ ಅದರ ಮೈಬಿಸಿ. ನೀರು 70 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಬೇಗ ಅರಗುವ ಒಂದು ಮರಿಮೀನು 50ಕ್ಕಿಳಿದಾಗ ದಿನಗಟ್ಟಲೆ ಹೊಟ್ಟೆಯಲ್ಲಿರುತ್ತದೆ. ಅಷ್ಟು ಕಡಿಮೆ ತಿನ್ನುವ ಮೀನು ಎರೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಬಾಯಿಯ ಮುಂದೆ ಬಂದು ನಿಂತರೆ ಮಾತ್ರ ಒಳಗೆಳೆದುಕೊಳ್ಳುತ್ತದೆ. ನಮ್ಮ ಕೆರೆಗಳ ಕುಚ್ಚುಮೀನಿನಂತೆ ಇದೂ ಹೊಂಚು ಹಾಕುವ ಜಾತಿ. ಚಳಿಗೆ ಆ ಹೊಂಚು ಇನ್ನಷ್ಟು ಬಿಗಿಯಾಗುತ್ತದೆ, ಹಾರುವ ದೂರ ಗೇಣಿನಷ್ಟಕ್ಕೆ ಇಳಿಯುತ್ತದೆ. ಬ್ಯಾಸ್ ಬೆನ್ನು ಹತ್ತುವ ಥ್ರೆಡ್‌ಫಿನ್ ಶ್ಯಾಡ್ ಎಂಬ ಬೆಳ್ಳಿಬಣ್ಣದ ಪುಟ್ಟ ಮೀನು ಚಳಿಯನ್ನು ಇನ್ನೂ ಕಡಿಮೆ ತಾಳುತ್ತದೆ. ನೀರು 45ರ ಸುತ್ತಮುತ್ತ ಬಂದರೆ ಗುಂಪು ಗುಂಪಾಗಿ ಬಳಲಿ ಸಾಯತೊಡಗುತ್ತದೆ. ಮುಂದೆ ಹೇಳುವುದೆಲ್ಲ ಈ ಎರಡು ಸಂಗತಿಗಳ ಮೇಲೆ ನಿಂತಿದೆ.

ಅಳೆಯುವ ಕೋಲು

ನಾಲ್ಕು ಜಾಗಗಳನ್ನು ನಾನು ಐದು ಪ್ರಶ್ನೆಗಳಿಂದ ಅಳೆಯುತ್ತೇನೆ. ನೀರು ಎಷ್ಟು ಬೆಚ್ಚಗಿದೆ, ಆ ಬಿಸಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಒಂದನೆಯದು. ದಂಡೆಯಿಂದಲೇ ಮೀನಿರುವ ಕಡೆಗೆ ಎರೆ ಮುಟ್ಟುತ್ತದೆಯೇ ಅಥವಾ ದೋಣಿ ಬೇಕೇ ಎಂಬುದು ಎರಡನೆಯದು. ಕೈಯಲ್ಲಿ ಎಷ್ಟು ಗಂಟೆ ಇದೆ, ಜೇಬಿನಲ್ಲಿ ಎಷ್ಟು ಡಾಲರ್ ಇದೆ ಎಂಬುದು ಮೂರು ಮತ್ತು ನಾಲ್ಕು. ಕೊನೆಯದನ್ನು ಯಾರೂ ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ: ನಿಮಗೆ ಬೇಕಾದದ್ದು ಒಂದು ಮೀನೋ, ಜೀವಮಾನದ ಮೀನೋ? ಇವೆರಡರ ದಾರಿಗಳು ಬೇರೆ ಬೇರೆ. ಎರಡನ್ನೂ ಒಂದೇ ಶನಿವಾರದಲ್ಲಿ ಹುಡುಕಿದವರು ಸಾಮಾನ್ಯವಾಗಿ ಎರಡನ್ನೂ ಕಾಣುವುದಿಲ್ಲ.

ಪರವಾನಗಿಯ ವಿಷಯ ಮೊದಲೇ ಮುಗಿಸುತ್ತೇನೆ. ಹದಿನೇಳು ತುಂಬಿದವರಿಗೆ ಟೆಕ್ಸಸ್‌ನಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು. ರಾಜ್ಯದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಸತತವಾಗಿ ಇದ್ದವರು ನಿವಾಸಿಗಳ ದರಕ್ಕೆ ಪಡೆಯಬಹುದು. ಸಿಹಿನೀರಿನ ಪರವಾನಗಿ 30 ಡಾಲರ್, ಆದರೆ ಅದು ಯಾವಾಗ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಮೊದಲ ಸಲ ಕೊಳ್ಳುವವರು, ಮುಂದಿನ ಚಳಿಗಾಲಕ್ಕೂ ಬೇಕೆಂದಿದ್ದರೆ, ಕೊಂಡ ದಿನದಿಂದ ಒಂದು ವರ್ಷ ನಡೆಯುವ 47 ಡಾಲರಿನದನ್ನು ನೋಡಬಹುದು. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರ ಕೈಗೂ ಒಂದು ಕೋಲು ಕೊಡುವ ಆಸೆ ಎನ್ನುವವರಿಗೆ ಸ್ಟೇಟ್ ಪಾರ್ಕ್‌ಗಳು ಒಳ್ಳೆಯವು. ಪಾರ್ಕಿನ ದಂಡೆಯಿಂದ ಅಥವಾ ಕಟ್ಟೆಯಿಂದ ಗಾಳ ಹಾಕಲು ಪರವಾನಗಿಯೇ ಬೇಡ, ಪ್ರವೇಶ ಶುಲ್ಕ ಸಾಕು. ನಾನು ನನ್ನ ತಂದೆಯನ್ನು ಕರೆದುಕೊಂಡು ಹೋದದ್ದು ಬರ್ನೆಟ್ ಬಳಿಯ ಇಂಕ್ಸ್ ಲೇಕ್ ಪಾರ್ಕಿಗೆ. ಕೆರೆಯ ಸುತ್ತಲಿನ ಗುಲಾಬಿ ಬಣ್ಣದ ಬಂಡೆಗಳನ್ನು ನೋಡಿ ಅವರಿಗೆ ಚಿತ್ರದುರ್ಗದ ಕಡೆ ಬಂದಂತೆ ಅನಿಸಿತಂತೆ.

ಬಡಾವಣೆಯ ಕೊಳ

ಮಳೆನೀರು ಹಿಡಿಯಲೆಂದು ತೋಡಿದ ಎರಡು ಮೂರು ಎಕರೆಯ ಹೊಂಡ, ಸುತ್ತ ನಡಿಗೆಯ ದಾರಿ, ಒಂದು ಕಡೆ ಕಲ್ಲು ಜೋಡಿಸಿದ ಏರಿ. ಇಂಥ ಕೊಳ ನಮ್ಮಲ್ಲಿ ಬಹಳ ಜನರ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲೇ ಇದೆ. ಖರ್ಚಿಲ್ಲ, ದೋಣಿ ಬೇಡ, ಕಚೇರಿಯ ಕೆಲಸದ ನಡುವೆ ಒಂದು ಗಂಟೆ ಸಿಕ್ಕರೂ ಹೋಗಿಬರಬಹುದು.

ಇದರ ಗುಣವೂ ದೋಷವೂ ಒಂದೇ: ಆಳ ಕಡಿಮೆ. ಮೂರು ದಿನ ಬಿಸಿಲು ಕಾದರೆ ದೊಡ್ಡ ಕೆರೆ ಅಲುಗಾಡುವುದೇ ಇಲ್ಲ, ಕೊಳ ನಾಲ್ಕೈದು ಡಿಗ್ರಿ ಏರಿಬಿಡುತ್ತದೆ. ಉತ್ತರದ ಗಾಳಿ ಒಂದು ರಾತ್ರಿ ಬೀಸಿತೋ, ಅಷ್ಟೂ ಬೆಳಗಾಗುವುದರೊಳಗೆ ಇಳಿದಿರುತ್ತದೆ. ಹೀಗಾಗಿ ಕೊಳಕ್ಕೆ ಹೋಗುವವರು ದಿನ ಮತ್ತು ಗಂಟೆ ಎರಡನ್ನೂ ಆರಿಸಿಕೊಳ್ಳಬೇಕು. ಸತತ ಬಿಸಿಲಿನ ಮೂರನೆಯ ದಿನ, ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಬೆಳಗಿನ ಜಾವದ ಮೀನುಗಾರಿಕೆ ಚಳಿಗಾಲದ ಕೊಳದಲ್ಲಿ ಬರಿಯ ದಣಿವು.

ನಿಲ್ಲುವ ಜಾಗವೂ ಮುಖ್ಯ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗಾಳಿ ಉತ್ತರದಿಂದ ಬರುತ್ತದೆ. ಆದ್ದರಿಂದ ಉತ್ತರದ ದಂಡೆಗೆ ಬಿಸಿಲು ಪೂರಾ ಬೀಳುತ್ತದೆ, ಗಾಳಿ ತಗಲುವುದಿಲ್ಲ. ಅಲ್ಲಿ ಕಲ್ಲಿನ ಏರಿ ಇದ್ದರೆ ಬೇರೆ ಜಾಗ ಹುಡುಕಬೇಡಿ, ಕಲ್ಲು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೋದ ಜನವರಿಯಲ್ಲಿ, ಸಂಕ್ರಾಂತಿಯ ಮಾರನೆಯ ದಿನ, ನಮ್ಮ ಕೊಳದ ದಕ್ಷಿಣ ದಂಡೆಯಲ್ಲಿ ತಾಪಮಾಪಕ 49 ತೋರಿಸಿತು. ಎದುರಿನ ಕಲ್ಲಿನ ಬಳಿ 53 ಇತ್ತು. ನಾಲ್ಕು ಡಿಗ್ರಿ ನಮ್ಮ ಕೈಗೆ ತಿಳಿಯುವುದಿಲ್ಲ, ಮೀನಿಗೆ ತಿಳಿಯುತ್ತದೆ. ಅಲ್ಲಿ ಕುಳಿತು ಒಂದೂವರೆ ಗಂಟೆಯಲ್ಲಿ ಎರಡು ಮೀನು ಹಿಡಿದೆ. ಎರಡೂ ಎರೆಯನ್ನು ಕಚ್ಚಲಿಲ್ಲ. ದಾರ ಸುಮ್ಮನೆ ಭಾರವಾಯಿತು, ನೀರಿನಲ್ಲಿ ನೆನೆದ ಗೋಣಿಚೀಲ ಕೊಕ್ಕೆಗೆ ಸಿಕ್ಕಿಕೊಂಡ ಹಾಗೆ. ಎತ್ತಿ ಹಿಡಿದಾಗ ಮೀನಿನ ಮೈ ಬಾವಿಯ ತಳದಿಂದ ತೆಗೆದ ಕಲ್ಲಿನಷ್ಟು ತಣ್ಣಗಿತ್ತು. ಕೆಳದವಡೆಯ ಸಣ್ಣ ಮುಳ್ಳುಹಲ್ಲುಗಳು ಹೆಬ್ಬೆರಳನ್ನು ಅರದಂತೆ ಉಜ್ಜಿದವು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಕೊಳದಲ್ಲಿ ಒಂದೆರಡು ಪೌಂಡಿನ ಮೀನು ಸಹಜ, ಐದು ಪೌಂಡಿನದು ಅಪರೂಪ. ಮಕ್ಕಳನ್ನು ಕರೆದೊಯ್ಯುವವರು ಇನ್ನೊಂದು ಗಮನಿಸಿ. ಟೆಕ್ಸಸ್‌ನ ವನ್ಯಜೀವಿ ಇಲಾಖೆ ನವೆಂಬರ್ ಕೊನೆಯಿಂದ ಮಾರ್ಚ್ ಆರಂಭದವರೆಗೆ ಹಲವು ನಗರಗಳ ಸಾರ್ವಜನಿಕ ಕೊಳಗಳಿಗೆ ರೇನ್‌ಬೋ ಟ್ರೌಟ್ ಬಿಡುತ್ತದೆ. ಟ್ರೌಟ್‌ಗೆ ಚಳಿಯೇ ಇಷ್ಟ, ಆದ್ದರಿಂದ ಬ್ಯಾಸ್ ಮುನಿಸಿಕೊಂಡ ದಿನವೂ ಮಗುವಿನ ಬೆಂಡು ಮುಳುಗುತ್ತದೆ. ಎಂಟು ವರ್ಷದ ಮಗು ಜೊತೆಗಿದ್ದರೆ ಈ ಒಂದು ಕಾರಣಕ್ಕೇ ನಾನು ಅಂಥ ಕೊಳವನ್ನು ಆರಿಸುತ್ತೇನೆ.

ಚಿಲುಮೆ ಸೇರುವ ನೀರು

ಆಸ್ಟಿನ್ ಸುತ್ತ ಇರುವವರಿಗೆ ಭೂಮಿಯೇ ಕೊಟ್ಟ ಉಡುಗೊರೆ ಇದು. ನಗರದ ನಡುವಿನ ಬಾರ್ಟನ್ ಸ್ಪ್ರಿಂಗ್ಸ್‌ನಲ್ಲಿ ಸುಣ್ಣಕಲ್ಲಿನ ಬಂಡೆಯೊಳಗಿಂದ ಉಕ್ಕುವ ನೀರು ವರ್ಷವಿಡೀ 68ರಿಂದ 70 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯಲ್ಲಿ ಮೈ ಜುಮ್ಮೆನ್ನಿಸುವ ಅದೇ ನೀರು ಜನವರಿಯಲ್ಲಿ ಆವಿ ಬಿಡುತ್ತಾ ಬಾರ್ಟನ್ ಕ್ರೀಕ್ ಮೂಲಕ ಲೇಡಿ ಬರ್ಡ್ ಕೆರೆಗೆ ಇಳಿಯುತ್ತದೆ. ಕೆರೆಯ ಉಳಿದ ಭಾಗ 50ರ ಹತ್ತಿರವಿದ್ದರೂ ತೊರೆ ಬಂದು ಕೂಡುವ ಬಾಯಿಯಲ್ಲಿ ಒಂದು ಬೆಚ್ಚನೆಯ ಪಟ್ಟಿ ಎದ್ದು ಕಾಣುತ್ತದೆ. ಎರೆಮೀನು ಅಲ್ಲಿ ಸೇರುತ್ತದೆ, ಅದರ ಹಿಂದೆ ಬ್ಯಾಸ್ ಬರುತ್ತದೆ.

ಈ ಕೆರೆಯಲ್ಲಿ ಪೆಟ್ರೋಲ್ ಎಂಜಿನ್ ದೋಣಿಗಳಿಗೆ ಅನುಮತಿ ಇಲ್ಲದಿರುವುದರಿಂದ ಕಯಾಕಿನವರಿಗೆ ಅಲೆಗಳ ಕಾಟವಿಲ್ಲ. ತೊರೆಯ ಹತ್ತಿರವೇ ಬಾಡಿಗೆಗೆ ಕಯಾಕ್ ಸಿಗುತ್ತದೆ, ಮೂರು ಗಂಟೆಗೆ ಐವತ್ತು ಅರವತ್ತು ಡಾಲರ್ ಇಟ್ಟುಕೊಳ್ಳಿ. ಸ್ವಂತ ಕಯಾಕ್ ಕೊಂಡರೆ ಎರಡು ಚಳಿಗಾಲದಲ್ಲಿ ಗಿಟ್ಟುತ್ತದೆ, ಆದರೆ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿರುವವರು ಅದನ್ನು ಎಲ್ಲಿಡುತ್ತೀರೆಂದು ಮೊದಲು ಯೋಚಿಸಿ. ಇಲ್ಲಿನ ತೊಂದರೆ ಜನ. ಬಿಸಿಲು ಬಂದ ಶನಿವಾರ ತೊರೆಯ ಬಾಯಿಯಲ್ಲಿ ಹುಟ್ಟುಗೋಲುಗಳ ಸಪ್ಪಳ ನಿಲ್ಲುವುದಿಲ್ಲ, ಆಗ ಮೀನು ತಳಕ್ಕಂಟಿಕೊಳ್ಳುತ್ತದೆ. ವಾರದ ದಿನ ರಜೆ ತೆಗೆದುಕೊಳ್ಳಬಲ್ಲವರಿಗೆ ಇದು ಬಹಳ ಒಳ್ಳೆಯ ಜಾಗ, ಶನಿವಾರ ಮಾತ್ರ ಬಿಡುವಿರುವವರಿಗೆ ಸಾಧಾರಣ.

ಮೂವತ್ತು ಮೈಲಿ ದಕ್ಷಿಣದ ಸ್ಯಾನ್ ಮಾರ್ಕೊಸ್ ನದಿ ಇದಕ್ಕಿಂತ ಬೆಚ್ಚಗೆ, ಚಿಲುಮೆಯ ಬಳಿ ವರ್ಷವಿಡೀ 72 ಡಿಗ್ರಿ. ಅಲ್ಲಿ ಕಾಲಿಡುವವರಿಗೆ ಒಂದು ಕಳಕಳಿಯ ಮಾತು. ಆ ನದಿಯ ಮೇಲ್ಭಾಗದಲ್ಲಿ ನೀರಿನೊಳಗೆ ಉದ್ದಕ್ಕೆ ಹಸಿರು ಜಡೆಯಂತೆ ಬಳುಕುವ ಒಂದು ಹುಲ್ಲಿದೆ. ಅದು ಟೆಕ್ಸಸ್ ಕಾಡುಭತ್ತ, ಜಗತ್ತಿನಲ್ಲಿ ಸಹಜವಾಗಿ ಬೆಳೆಯುವುದು ಅಲ್ಲಿ ಮಾತ್ರ. ಅಳಿವಿನಂಚಿನಲ್ಲಿರುವ ಈ ಭತ್ತದ ಮೇಲೆ ಕಾಲಿಡಬೇಡಿ, ಅದರೊಳಗೆ ಕೊಕ್ಕೆ ಎಳೆಯಬೇಡಿ. ಗದ್ದೆಯ ನೆಲದಿಂದ ಬಂದ ನಮಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಯಾವ ಚಿಲುಮೆಯ ಬಳಿ ಹೋದರೂ ಕಯಾಕಿನಲ್ಲಿ ಜೀವರಕ್ಷಕ ಅಂಗಿ ಮೈಮೇಲೆ ಇರಬೇಕು, ಕಾಲ ಬುಡದಲ್ಲಲ್ಲ. 50 ಡಿಗ್ರಿಯ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಹೇಳಿದ ಮಾತು ಕೇಳುವುದನ್ನು ಬಿಡುತ್ತವೆ. ಈಜು ಬಲ್ಲೆ ಎಂಬ ಧೈರ್ಯ ಆ ಮೊದಲ ನಿಮಿಷದಲ್ಲಿ ಉಪಯೋಗಕ್ಕೆ ಬಾರದು. ನನ್ನ ಪರಿಚಯದವರೊಬ್ಬರು ದಂಡೆಯಿಂದ ಹದಿನೈದು ಅಡಿ ದೂರದಲ್ಲಿ ಮಗುಚಿಕೊಂಡರು. ತುಂಗೆಯಲ್ಲಿ ಈಜು ಕಲಿತವರು. ದಡ ಸೇರಿದ ಮೇಲೆ ಕಾರಿನ ಬೀಗದಕೈಯನ್ನು ಬೆರಳಲ್ಲಿ ಹಿಡಿಯಲಾಗದೆ ಅಲ್ಲೇ ಕುಳಿತುಬಿಟ್ಟಿದ್ದರು.

ವಿದ್ಯುತ್ ಸ್ಥಾವರದ ಕೆರೆ

ಸ್ಥಾವರವನ್ನು ತಂಪು ಮಾಡಲು ಕೆರೆಯ ನೀರನ್ನು ಒಳಗೆಳೆದು, ಬಿಸಿಯಾದ ಮೇಲೆ ಮತ್ತೆ ಕೆರೆಗೇ ಬಿಡುತ್ತಾರೆ. ಹೀಗಾಗಿ ಇಡೀ ಕೆರೆ ಅಕ್ಕಪಕ್ಕದ ಕೆರೆಗಳಿಗಿಂತ ಬೆಚ್ಚಗಿರುತ್ತದೆ, ಬಿಸಿನೀರು ಬೀಳುವ ಕಾಲುವೆಯ ಹತ್ತಿರ ಇನ್ನೂ ಹೆಚ್ಚು. ಆಸ್ಟಿನ್‌ನ ಪೂರ್ವಕ್ಕೆ ಲೇಕ್ ಬಾಸ್ಟ್ರಪ್ ಇದೆ, ಸುಮಾರು ಒಂಬೈನೂರು ಎಕರೆ. ಆಸ್ಟಿನ್ ಮತ್ತು ಹ್ಯೂಸ್ಟನ್ ನಡುವೆ, ಲಾ ಗ್ರಾಂಜ್ ಊರಿನ ಹತ್ತಿರ ಫೆಯೆಟ್ ಕೆರೆ ಇದೆ, ಅದು ಬಾಸ್ಟ್ರಪ್‌ನ ಎರಡು ಪಟ್ಟಿಗೂ ದೊಡ್ಡದು. ಎರಡೂ ಕಡೆ ಉದ್ಯಾನಗಳಿವೆ, ತಲೆಗೆ ಕೆಲವು ಡಾಲರ್ ಪ್ರವೇಶ ಶುಲ್ಕ.

ಚಳಿಗಾಲದಲ್ಲಿ ಹೆಚ್ಚು ಸಲ ಕಚ್ಚಿಸಿಕೊಳ್ಳಬೇಕು ಎನ್ನುವವರಿಗೆ ನನ್ನ ಮೊದಲ ಉತ್ತರ ಈ ಕೆರೆಗಳೇ. 60 ಡಿಗ್ರಿಯ ನೀರಿನಲ್ಲಿ ಬ್ಯಾಸ್ ಓಡಾಡುತ್ತದೆ, ಅಟ್ಟಿಸಿಕೊಂಡು ಬರುತ್ತದೆ, ಬೇರೆ ಕೆರೆಗಳಿಗಿಂತ ವಾರಗಳ ಮೊದಲೇ ಮೊಟ್ಟೆಯಿಡಲು ದಂಡೆಗೆ ಬರುತ್ತದೆ. ಹೊಸಬರು ಕಚ್ಚು ಹೇಗಿರುತ್ತದೆಂದು ಕಲಿಯಲು ಇಲ್ಲಿಗೇ ಹೋಗಬೇಕು. ಮೀನು ಕಚ್ಚಿದಾಗ ಕೋಲಿನ ಮೂಲಕ ಬೆರಳಿಗೆ ಬರುವ ಆ ಟಕ್ ಎಂಬ ಅರಿವು ಒಮ್ಮೆ ಕೈಗೆ ಹತ್ತಿದರೆ ತಣ್ಣೀರಿನ ಮೆತ್ತನೆಯ ಕಚ್ಚನ್ನು ಗುರುತಿಸುವುದು ಸುಲಭ.

ತೂಕದ ಇನ್ನೊಂದು ತಟ್ಟೆಯೂ ಇದೆ. ಸ್ಥಾವರ ದಿನಾ ಒಂದೇ ಸಮ ಓಡುವುದಿಲ್ಲ. ಬಾಸ್ಟ್ರಪ್‌ನದು ಅನಿಲದ ಸ್ಥಾವರ, ಬೇಡಿಕೆ ಇದ್ದಾಗ ಓಡುತ್ತದೆ, ಇಲ್ಲದಾಗ ನಿಲ್ಲುತ್ತದೆ. ಫೆಯೆಟ್‌ನದು ಕಲ್ಲಿದ್ದಲಿನ ದೊಡ್ಡ ಸ್ಥಾವರ. ನನ್ನ ಅನುಭವದಲ್ಲಿ ಅಲ್ಲಿ ಬಿಸಿ ಹೆಚ್ಚು ದಿನ ಹಿಡಿದುಕೊಂಡಿರುತ್ತದೆ. ಅದಕ್ಕೇ ಒಂದೂವರೆ ಗಂಟೆ ಕಾರು ಓಡಿಸುವ ದಿನ ನಾನು ಫೆಯೆಟ್‌ಗೆ ಹೋಗುತ್ತೇನೆ, ಅರ್ಧ ದಿನವೇ ಇದ್ದರೆ ಬಾಸ್ಟ್ರಪ್‌ಗೆ. ಎರಡರಲ್ಲೂ ದಂಡೆಯುದ್ದಕ್ಕೂ ಜೊಂಡು ದಟ್ಟವಾಗಿದೆ, ದಂಡೆಯಿಂದ ಎರೆ ಎಸೆಯುವ ಜಾಗ ಕಡಿಮೆ. ಕಯಾಕ್ ಇದ್ದವರಿಗೆ ಈ ಕೆರೆಗಳು ಪೂರ್ತಿ ತೆರೆದುಕೊಳ್ಳುತ್ತವೆ. ಇಲ್ಲದವರು ಉದ್ಯಾನದ ಮೀನುಕಟ್ಟೆಯ ಮೇಲೆ ಮೂಲೆ ಹಿಡಿಯಲು ಬೇಗ ಹೋಗಬೇಕು. ಚಳಿ ಹೆಚ್ಚಿದಷ್ಟೂ ಜನ ಹೆಚ್ಚು. ಎಲ್ಲ ಕಡೆ ಮೀನು ಮುಷ್ಟಿ ಬಿಗಿದ ದಿನ ಎಲ್ಲರಿಗೂ ನೆನಪಾಗುವುದು ಇದೇ.

ಲೇಕ್ ಫೋರ್ಕ್, ಗೈಡ್ ಜೊತೆ

ಜೀವಮಾನದ ಮೀನು ಬೇಕು ಎನ್ನುವವರೊಂದಿಗೆ ನಾನು ವಾದ ಮಾಡುವುದಿಲ್ಲ. ಟೆಕ್ಸಸ್‌ನ ದಾಖಲೆಯ ಬ್ಯಾಸ್, 18.18 ಪೌಂಡಿನದು, ಎಂದರೆ ಎಂಟು ಕಿಲೋಗೂ ಮಿಕ್ಕಿದ್ದು, ಲೇಕ್ ಫೋರ್ಕ್‌ನಲ್ಲಿ ಸಿಕ್ಕಿದ್ದು 1992ರ ಜನವರಿ 24ರಂದು. ನಟ್ಟ ನಡು ಚಳಿಗಾಲ. ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಆ ದಿನ ಕ್ರ್ಯಾಪಿ ಎಂಬ ಸಣ್ಣ ಮೀನಿಗಾಗಿ ಜೀವಂತ ಮರಿಮೀನನ್ನು ಎರೆಯಾಗಿ ಕಟ್ಟಿದ್ದರು. ಆ ದಾಖಲೆ ಇಂದಿಗೂ ಮುರಿದಿಲ್ಲ.

ಇದು ಬರಿಯ ಅದೃಷ್ಟವಲ್ಲ. ಹೆಣ್ಣು ಬ್ಯಾಸ್ ಚಳಿಗಾಲದ ಕೊನೆಗೆ ಮೊಟ್ಟೆ ತುಂಬಿಕೊಂಡು ವರ್ಷದಲ್ಲೇ ಹೆಚ್ಚು ಭಾರವಿರುತ್ತದೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡುತ್ತದೆ ಎನ್ನುತ್ತೇವಲ್ಲ, ಟೆಕ್ಸಸ್‌ನಲ್ಲಿಯೂ ಆ ಹೊತ್ತಿಗೇ ನೀರು ಏರತೊಡಗುತ್ತದೆ, ದೊಡ್ಡ ಹೆಣ್ಣುಮೀನುಗಳು ಆಳದಿಂದ ದಂಡೆಯ ಕಡೆ ಹೊರಡುತ್ತವೆ. ರಾಜ್ಯ 1986ರಿಂದ ನಡೆಸುತ್ತಿರುವ ಶೇರ್‌ಲಂಕರ್ ಯೋಜನೆಯಲ್ಲಿ ಹದಿಮೂರು ಪೌಂಡಿಗೆ ಕಡಿಮೆಯಿಲ್ಲದ ಮೀನು ಹಿಡಿದವರು ಅದನ್ನು ಜೀವಂತವಾಗಿ ಸಂತಾನೋತ್ಪತ್ತಿಗೆಂದು ಒಪ್ಪಿಸಬಹುದು. ಹಾಗೆ ಒಪ್ಪಿಸುವ ಅವಧಿಯನ್ನು ಜನವರಿಯಿಂದ ಮಾರ್ಚ್ ಎಂದು ಇಟ್ಟಿರುವುದೂ ಇದೇ ಕಾರಣಕ್ಕೆ.

ಫೋರ್ಕ್ ಸುಮಾರು 27 ಸಾವಿರ ಎಕರೆಯ ಕೆರೆ. ಡಲ್ಲಾಸ್‌ನಿಂದ ಒಂದೂವರೆ ಗಂಟೆ, ಆಸ್ಟಿನ್‌ನಿಂದ ನಾಲ್ಕು ಗಂಟೆಗೂ ಹೆಚ್ಚು. ಮುಳುಗಿದ ಮರಗಳ ಕಾಡೇ ಅದರೊಳಗಿದೆ. ಹೊಸಬರು ಸ್ವಂತ ದೋಣಿಯಲ್ಲಿ ಹೋದರೆ ಮೀನು ಹುಡುಕುವುದರಲ್ಲೇ ಮೂರು ದಿನ ಕಳೆಯುತ್ತದೆ, ಜೊತೆಗೆ ಮರದ ಬೊಡ್ಡೆಗೆ ದೋಣಿ ಬಡಿಯುವ ಅಪಾಯ ಬೇರೆ. ಹಾಗಾಗಿ ಇಲ್ಲಿ ಗೈಡ್ ಬೇಕೇಬೇಕು. ಒಂದು ದಿನಕ್ಕೆ ಇಬ್ಬರಿಗೆ ಸೇರಿ ಐನೂರು ಡಾಲರ್ ಸುತ್ತಮುತ್ತ, ಮೇಲೆ ಇನಾಮು, ವಸತಿ, ಪೆಟ್ರೋಲ್. ಈ ದುಡ್ಡಿಗೆ ಮೀನು ಖಾತ್ರಿಯಲ್ಲ. ಶೀತಗಾಳಿ ಬಂದ ಮಾರನೆಯ ದಿನವಾದರೆ ಇಡೀ ದಿನಕ್ಕೆ ಎರಡು ಕಚ್ಚು ಸಿಕ್ಕರೆ ಹೆಚ್ಚು. ಆದರೆ ಆ ಎರಡರಲ್ಲಿ ಒಂದು ಎಂಟು ಪೌಂಡಿನದಾಗಿರಬಹುದು. ಆ ಪಂದ್ಯ ಒಪ್ಪಿಗೆಯಿದ್ದರೆ ಮಾತ್ರ ಹೋಗಿ.

ಗೈಡ್ ಗೊತ್ತುಮಾಡುವಾಗ ಎರಡು ವಿಷಯ ಕೇಳಿ. ಹವಾಮಾನ ಕೆಟ್ಟರೆ ದಿನ ಬದಲಾಯಿಸುತ್ತೀರಾ ಎಂಬುದು ಒಂದು. ನನ್ನ ಮೊದಲ ಪ್ರವಾಸದಲ್ಲಿ ಇದನ್ನು ಕೇಳದೆ, ಹಿಮಗಾಳಿಯ ದಿನವೇ ಮುಂಗಡ ಉಳಿಸಿಕೊಳ್ಳಲು ಹೋಗಬೇಕಾಯಿತು. ಎಷ್ಟು ಆಳದಲ್ಲಿ ಹಿಡಿಸುತ್ತೀರಿ ಎಂಬುದು ಇನ್ನೊಂದು. ಮೂವತ್ತು ಅಡಿಗಿಂತ ಆಳದಿಂದ ಬೇಗ ಎಳೆದ ಮೀನಿನ ಗಾಳಿಚೀಲ ಉಬ್ಬಿಕೊಳ್ಳುತ್ತದೆ. ಬಿಟ್ಟರೂ ಅದು ಮಗ್ಗುಲಾಗಿ ತೇಲುತ್ತದೆ, ಒಳಗಿಳಿಯಲಾರದೆ ಸಾಯುತ್ತದೆ. ಫೋರ್ಕ್‌ನಲ್ಲಿ 16ರಿಂದ 24 ಅಂಗುಲದ ನಡುವಿನ ಬ್ಯಾಸ್ ಅನ್ನು ಕಡ್ಡಾಯವಾಗಿ ಬಿಡಬೇಕು. ಬಿಡಲೇಬೇಕಾದ ಮೀನನ್ನು ಬದುಕಲಾರದ ಸ್ಥಿತಿಯಲ್ಲಿ ಬಿಟ್ಟರೆ ಕಾಯಿದೆ ಪಾಲಿಸಿದಂತಾಯಿತು, ಮೀನು ಉಳಿಯಲಿಲ್ಲ. ಇಪ್ಪತ್ತೈದು ಅಡಿಯೊಳಗೆ ಹಿಡಿಸುವ ಗೈಡ್ ಎಂದು ಹೇಳಿಯೇ ಗೊತ್ತುಮಾಡಿ. ಆಳದಿಂದ ಉಬ್ಬಿಕೊಂಡು ಬಂದ ಒಂದು ಮೀನನ್ನು ನೀರಿಗೆ ಮರಳಿಸಲು ನಾನು ಅರ್ಧ ಗಂಟೆ ಹೆಣಗಿದ್ದೇನೆ. ಅದು ಉಳಿಯಲಿಲ್ಲ.

ಎರೆಯ ಮಾತು

ನೀರು ಗೊತ್ತಾದ ಮೇಲೆ ಎರೆಯ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಅಂಗಡಿಯ ಗೋಡೆಯ ತುಂಬ ತೂಗುವ ನೂರಾರು ಪೊಟ್ಟಣಗಳಲ್ಲಿ ಚಳಿಗಾಲಕ್ಕೆ ಬೇಕಾದದ್ದು ನಾಲ್ಕು.

ದಂಡೆಯಿಂದ ಹಿಡಿಯುವವರಿಗೆ, ಕೊಳದವರಿಗೆ, ಕಡಿಮೆ ಖರ್ಚಿನವರಿಗೆ ನೆಡ್ ರಿಗ್. ಅಣಬೆಯಾಕಾರದ ಹಗುರ ಸೀಸದ ತಲೆ, ಅದಕ್ಕೆ ಮೂರಂಗುಲಕ್ಕೂ ಕಡಿಮೆ ಉದ್ದದ ಮೆತ್ತನೆಯ ಕಡ್ಡಿ. ಎಸೆದು ತಳ ಮುಟ್ಟಲು ಬಿಟ್ಟು, ಮೆಲ್ಲಗೆ ಎಳೆದು, ನಿಲ್ಲಿಸಿ, ಹತ್ತು ಎಣಿಸುವುದು. ಇಷ್ಟೇ ಕೆಲಸ. ಆರು ಎಂಟು ಡಾಲರಿಗೆ ಒಂದು ಋತುವೇ ಕಳೆಯುತ್ತದೆ. ಸಣ್ಣ ಮೀನೂ ಕಚ್ಚುತ್ತದೆ ಎಂಬುದೊಂದೇ ದೂರು, ಒಂದು ಮೀನಾದರೂ ಬೇಕು ಎನ್ನುವವರಿಗೆ ಅದು ದೂರೇ ಅಲ್ಲ.

ದೊಡ್ಡದೇ ಬೇಕೆಂದರೆ ಜಿಗ್. 3/8 ಅಥವಾ ಅರ್ಧ ಔನ್ಸ್ ಸೀಸದ ತಲೆ, ರಬ್ಬರಿನ ಲಂಗ, ಹಿಂದೆ ಏಡಿಯ ಕೊಂಡಿಗಳಂತಿರುವ ಬಾಲ. ಕಲ್ಲಿನ ಮೇಲೆ ಕ್ರಾಫಿಶ್ ಎಂಬ ಸಿಗಡಿಯಂಥ ಸಿಹಿನೀರಿನ ಜೀವಿ ತೆವಳುವ ಹಾಗೆ ಎಳೆಯಬೇಕು. ಕಲ್ಲನ್ನು ಮುಟ್ಟಿದ್ದು ಯಾವುದು, ಮೀನು ಬಾಯಿಗೆ ತೆಗೆದುಕೊಂಡದ್ದು ಯಾವುದು ಎಂದು ತಿಳಿಯಲು ಎರಡು ಮೂರು ತಿಂಗಳ ಅಭ್ಯಾಸ ಬೇಕು. ಕಲ್ಲಿನ ಸಂದಿಯಲ್ಲಿ ಸಿಕ್ಕಿ ದಾರ ಹರಿದು ಜಿಗ್ ಕಳೆಯುವುದೂ ಸಾಮಾನ್ಯ, ಒಂದಕ್ಕೆ ನಾಲ್ಕೈದು ಡಾಲರ್. ಆದರೂ ಒಂದೇ ಎರೆ ಇಟ್ಟುಕೊಳ್ಳಿ ಎಂದು ಯಾರಾದರೂ ಕಟ್ಟುಮಾಡಿದರೆ ನಾನು ಇಟ್ಟುಕೊಳ್ಳುವುದು ಕಂದುಬಣ್ಣದ ಜಿಗ್ ಅನ್ನೇ.

ನೀರು ತಿಳಿಯಾಗಿದ್ದು, ಶ್ಯಾಡ್ ಕಣ್ಣಿಗೆ ಬಿದ್ದರೆ ಜರ್ಕ್‌ಬೈಟ್, ಎಂದರೆ ಸಣ್ಣ ಮೀನಿನಾಕಾರದ ನೀಳ ಗಟ್ಟಿ ಎರೆ. ಎರಡು ಸಲ ಚಿಮ್ಮಿಸಿ ಬಿಟ್ಟರೆ ಇದು ಮೇಲೇರದೆ ಕೆಳಗಿಳಿಯದೆ ನೀರಿನ ನಡುವೆ ನಿಲ್ಲುತ್ತದೆ, ಚಳಿಗೆ ಸಾಯುತ್ತಿರುವ ಶ್ಯಾಡ್‌ನಂತೆಯೇ. ಆ ನಿಲುವಿನಲ್ಲೇ ಅದರ ಬೆಲೆ. ನೀರು 55 ಇದ್ದರೆ ಐದು ಸೆಕೆಂಡ್, 45ಕ್ಕೆ ಇಳಿದರೆ ಹದಿನೈದು ಇಪ್ಪತ್ತು ಸೆಕೆಂಡ್ ಕೈ ಅಲುಗಾಡಬಾರದು. ಇಪ್ಪತ್ತು ಸೆಕೆಂಡ್ ಎಷ್ಟು ದೀರ್ಘವೆಂದು ಚಳಿಗಾಳಿಯಲ್ಲಿ ನಿಂತು ಎಣಿಸಿದವರಿಗೇ ಗೊತ್ತು. ಬೆಲೆ ಎಂಟರಿಂದ ಇಪ್ಪತ್ತೈದು ಡಾಲರ್. ಅಗ್ಗದ್ದು ಕೆಲವೊಮ್ಮೆ ನಿಲ್ಲದೆ ತೇಲಿಬಿಡುತ್ತದೆ, ಆದ್ದರಿಂದ ಈ ಒಂದರಲ್ಲಿ ಮಾತ್ರ ಮಧ್ಯಮ ಬೆಲೆಯದನ್ನು ಕೊಳ್ಳಿ ಎನ್ನುತ್ತೇನೆ. ಕೆಸರು ನೀರಿನ ಕೊಳದಲ್ಲಿ ಇದನ್ನು ಎಸೆಯುವುದು ದಂಡ.

ನಾಲ್ಕನೆಯದು ತುಟಿಯಿಲ್ಲದ ಕ್ರ್ಯಾಂಕ್‌ಬೈಟ್, ಮುಂದೆ ನೀರು ಸೀಳುವ ಚಪ್ಪಟೆ ತುಟಿಯಿಲ್ಲದ ಮೀನಿನಾಕಾರದ ಗಟ್ಟಿ ಎರೆ, ಒಳಗೆ ಗುಂಡುಗಳು ಗಲಗಲ ಸದ್ದು ಮಾಡುವಂಥದ್ದು. ಫೆಬ್ರವರಿಯಲ್ಲಿ ನೀರು 50 ದಾಟಿ ಏರುತ್ತಿರುವಾಗ, ನೀರೊಳಗಿನ ಹುಲ್ಲಿನ ಮೇಲೆ, ಕೆಂಪು ಬಣ್ಣದ್ದು. ಹುಲ್ಲಿಗೆ ತಗಲಿದಾಗ ಕಿತ್ತು ಬಿಡಿಸಿದ ಕ್ಷಣದಲ್ಲೇ ಹೊಡೆತ ಬೀಳುತ್ತದೆ. ಪೂರ್ವ ಟೆಕ್ಸಸ್‌ನ ಸ್ಯಾಮ್ ರೇಬರ್ನ್ ಜಲಾಶಯದಲ್ಲಿ ಇದು ಚಳಿಗಾಲದ ಕೊನೆಯ ಹಬ್ಬ. ಡಿಸೆಂಬರಿನಲ್ಲಿ ಪೆಟ್ಟಿಗೆಯಲ್ಲೇ ಇರಲಿ.

2011ರ ಅಕ್ಟೋಬರಿನಲ್ಲಿ ವೃತ್ತಿಪರ ಗಾಳಗಾರ ಪಾಲ್ ಎಲಿಯಾಸ್ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಜಲಾಶಯದ ಪಂದ್ಯ ಗೆದ್ದ ಮೇಲೆ ಹೆಸರಾದ ಅಲಬಾಮಾ ರಿಗ್ ಅನ್ನೂ ಹಲವರು ಕೇಳುತ್ತಾರೆ. ಒಂದೇ ದಾರಕ್ಕೆ ಐದು ಎರೆ, ಮೀನಿನ ಗುಂಪೇ ಈಜಿದಂತೆ. ತಣ್ಣೀರಿನಲ್ಲಿ ಅದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಬೇರೆಯೇ ದಪ್ಪ ಕೋಲು ಬೇಕು, ದಿನವಿಡೀ ಎಸೆದರೆ ಭುಜ ಬೀಳುತ್ತದೆ, ಕೊಕ್ಕೆಗಳ ಸಂಖ್ಯೆಯ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮೊದಲ ಚಳಿಗಾಲಕ್ಕೆ ಬೇಡ.

ಕೋಲು ಒಂದೇ ಕೊಳ್ಳುವುದಾದರೆ ಏಳಡಿಯ ಮಧ್ಯಮ ಗಡಸಿನ ಸ್ಪಿನ್ನಿಂಗ್ ಕೋಲು, ರೀಲ್ ಸೇರಿ ಎಂಬತ್ತು ನೂರು ಡಾಲರ್, ಎಂಟು ಪೌಂಡಿನ ಎಳೆತ ತಾಳುವ ಫ್ಲೋರೋಕಾರ್ಬನ್ ದಾರ. ನೆಡ್ ರಿಗ್ ಮತ್ತು ಜರ್ಕ್‌ಬೈಟ್ ಎರಡಕ್ಕೂ ಅದೇ ಸಾಕು, ಹಗುರ ಜಿಗ್‌ಗೂ ನಡೆಯುತ್ತದೆ. ಉಳಿದ ದುಡ್ಡನ್ನು ಬೆರಳ ತುದಿ ತೆರೆದ ಕೈಗವಸಿಗೆ ಖರ್ಚು ಮಾಡಿ. ಬೆರಳು ಮರಗಟ್ಟಿದರೆ ಯಾವ ಕೋಲಿನಲ್ಲೂ ಕಚ್ಚು ತಿಳಿಯುವುದಿಲ್ಲ. ಮೀನನ್ನು ಹಿಡಿಯುವಾಗ ಮಾತ್ರ ಕೈಗವಸು ತೆಗೆದು, ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು. ಒಣ ಬಟ್ಟೆ ತಗಲಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಗಾಳಿ 32 ಡಿಗ್ರಿಗಿಂತ ಕೆಳಗಿರುವ ದಿನ ಫೋಟೊಗೆಂದು ಮೀನನ್ನು ಹೆಚ್ಚು ಹೊತ್ತು ಹೊರಗಿಡಬೇಡಿ, ಒದ್ದೆಯಾದ ಕಿವಿರು ಹೆಪ್ಪುಗಟ್ಟಬಹುದು.

ಯಾವ ದಿನ?

ಕೊನೆಗೆ ಉಳಿಯುವ ಪ್ರಶ್ನೆ ಇದು, ಕೆಲಸಕ್ಕೆ ಹೋಗುವವರಿಗೆ ಎಲ್ಲಕ್ಕಿಂತ ಕಷ್ಟದ್ದು. ಉತ್ತರದಿಂದ ಶೀತಗಾಳಿ ಬರುವ ಹಿಂದಿನ ಮಧ್ಯಾಹ್ನ, ಮೋಡ ಕವಿದು ತೆಂಕಣ ಗಾಳಿ ಬೀಸುತ್ತಿರುವಾಗ ಮೀನು ಚೆನ್ನಾಗಿ ತಿನ್ನುತ್ತದೆ. ಗಾಳಿ ಬಂದುಹೋದ ಮಾರನೆಯ ದಿನ ಆಕಾಶ ಗಾಜಿನಂತೆ ತಿಳಿ, ನೋಡಲು ಹಬ್ಬ, ಮೀನಿನ ಮಟ್ಟಿಗೆ ಅದೇ ಅತಿ ಕೆಟ್ಟ ದಿನ. ನಿಮ್ಮ ಶನಿವಾರ ಅಂಥ ದಿನಕ್ಕೆ ಬಿದ್ದರೆ ಕೊಳಕ್ಕೂ ಫೋರ್ಕ್‌ಗೂ ಹೋಗಬೇಡಿ, ಫೆಯೆಟ್‌ಗೆ ಹೋಗಿ ಅಥವಾ ಚಿಲುಮೆಯ ಬಾಯಿಗೆ ಹೋಗಿ. ಅಲ್ಲಿನ ನೀರಿಗೆ ಒಂದು ರಾತ್ರಿಯ ಗಾಳಿ ಅಷ್ಟಾಗಿ ತಗಲುವುದಿಲ್ಲ. ಶೀತಗಾಳಿ ಭಾನುವಾರ ಬರುತ್ತದೆ ಎಂದು ಮುನ್ಸೂಚನೆ ಇದ್ದರೆ ಶನಿವಾರ ಮಧ್ಯಾಹ್ನ ಮನೆಯ ಬಳಿಯ ಕೊಳವೇ ಸಾಕು. ತಾಪಮಾಪಕವನ್ನು ಕಲ್ಲಿನ ಏರಿಯ ಬಳಿ ಎರಡಡಿ ಆಳಕ್ಕೆ ಇಳಿಬಿಟ್ಟು ಎರಡು ನಿಮಿಷ ಬಿಡಿ. 52ರ ಮೇಲಿದ್ದರೆ ಕಂದು ಜಿಗ್ ಕಟ್ಟಿ, ಕೆಳಗಿದ್ದರೆ ನೆಡ್ ರಿಗ್ ಕಟ್ಟಿ, ಕತ್ತಲಾಗುವವರೆಗೂ ಆ ದಂಡೆ ಬಿಟ್ಟು ಕದಲಬೇಡಿ.